ಅರ್ಧ ಮೀಸೆಯ ಪಣ

ಜೂಜಿನಲ್ಲಿ ಎಷ್ಟು ಒಡ್ಡಬೇಕು ಎಂಬುದನ್ನು ಕೈಯ ಹುರುಪಿಗಲ್ಲ, ಇದ್ದ ಆಸ್ತಿಗೆ ಕೇಳಬೇಕು ಎಂದು ನಂಬಿದವನು ನಾನು. ಇದು ಸೋದರಮಾವ ಕಲಿಸಿದ ಪಾಠ. "ಏನರ ಆಡು, ಇದ್ದದ್ರಾಗ ಅರ್ಧಕ್ಕಿಂತ ಹೆಚ್ಚು ಇಡಬ್ಯಾಡ. ಅರ್ಧಾ ಉಳೀತಂದ್ರ ಮನಶ್ಯಾ ಉಳದಂಗ" ಎನ್ನುತ್ತಿದ್ದ. ಮಾತಿನಲ್ಲಿ ನಿಮಗೂ ಕುಂದು ಕಾಣಲಿಕ್ಕಿಲ್ಲ. ಮೀಸೆಯ ಮೇಲೆ ಪ್ರಯೋಗಿಸುವ ತನಕ ನನಗೂ ಕಂಡಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಎಂಬ ಊರಲ್ಲಿ ಸಾಲಿ ಮಾಸ್ತರ. ಪಗಾರ ಖಾನಾವಳಿಗೆ ಹೋಗುತ್ತಿತ್ತು. ಆಸ್ತಿಯೆಂದು ಉಳಿದದ್ದು ಮೀಸೆಯೊಂದೇ. ಅದೂ ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ. ಹರಳೆಣ್ಣೆ ಹಚ್ಚಿ ಹಚ್ಚಿ ಬೆಳೆಸಿದ್ದೆ. ನಾಗರಪಂಚಮಿಯ ಮರುದಿನ ಬಾಗೇವಾಡಿಗೆ ಕನ್ಯೆ ನೋಡಲು ಹೋಗಬೇಕಿತ್ತು. ಹುಡುಗನಿಗೆ ಭಾರಿ ಮೀಸೆ ಇದೆಯೆಂದು ಮಾವ ಅಲ್ಲಿ ಮೊದಲೇ ಹೇಳಿಬಿಟ್ಟಿದ್ದ.

ಪಂಚಮಿಗೆ ನಮ್ಮಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ. ಬಿದ್ದಲ್ಲಿಂದ ಎತ್ತಿ ಎಸೆಯುತ್ತ ಯಾರ ಹಣ್ಣು ಕಡಿಮೆ ಎಸೆತದಲ್ಲಿ ದೂರದ ಬೇವಿನ ಗಿಡ ಮುಟ್ಟುತ್ತದೋ ಅವರು ಗೆದ್ದಂತೆ. ನನ್ನ ಎದುರಾಳಿ ನಿಂಬೆ ತೋಟದ ಮಲ್ಲೇಶಪ್ಪ. ಮುಂಜಾನೆ ಬೋಳಿಸಿದರೆ ಸಂಜೆಗೆ ಮರಳುವಂಥ ಮೀಸೆ ಅವನದು.

"ಮೀಸಿ ಇಡ್ರಿ ಮಾಸ್ತರ, ನಾನೂ ಇಡ್ತೇನಿ" ಎಂದ.

ಮೇಲುನೋಟಕ್ಕೆ ಸಮಸಮ. ಆದರೆ ಅವನು ಒಡ್ಡುತ್ತಿದ್ದುದು ಒಂದು ದಿನದ ಫಸಲು, ನಾನು ಇಡೀ ಜಮೀನು. ಈ ಸೂಕ್ಷ್ಮ ನನಗೆ ಹೊಳೆಯಿತೆಂದು ಇವತ್ತಿಗೂ ಹೆಮ್ಮೆ. ಮಾವನನ್ನು ನೆನೆದು, "ಅರ್ಧಾ ಇಡ್ತೇನಿ" ಎಂದೆ.

"ಎಡಕಿಂದೋ, ಬಲಕಿಂದೋ?" ಎಂದ ಮಲ್ಲೇಶಪ್ಪ. ಬಹಳ ವಿಚಾರ ಮಾಡಿ ಎಡಗಡೆಯದನ್ನು ಇಟ್ಟೆ.

ತೋಟದವನು ಕಲ್ಲಿನಂಥ ಹಸಿರು ಕಾಯಿ ಆರಿಸಿದ. ನಾನು ಚೆಂದ ಕಂಡಿತೆಂದು ರಸ ತುಂಬಿದ ಹಳದಿ ಹಣ್ಣು ಹಿಡಿದೆ. ಅದು ಅರ್ಧ ದಾರಿಯಲ್ಲೇ ಒಡೆದು ಪಾನಕವಾಯಿತು. ಕಟಿಂಗ್ ಅಂಗಡಿಯವನು ಎಡಗಡೆ ಬೋಳಿಸಿ, "ಇದನ್ನೂ ತಗೀಲೇನ್ರಿ?" ಎಂದು ಕರುಣೆಯಿಂದ ಕೇಳಿದ.

"ಮುಟ್ಟಬ್ಯಾಡ! ಅದು ಉಳದ ಆಸ್ತಿ!" ಎಂದು ಕೂಗಿದೆ. ಉಳ್ಳವನು ಸೋತದ್ದನ್ನು ಮರೆತು ಊಟಕ್ಕೆ ಹೋಗುತ್ತಾನೆ; ಇಲ್ಲದವನು ಉಳಿದದ್ದನ್ನು ಕಾಯುತ್ತ ಕೂರುತ್ತಾನೆ. ಅರ್ಧ ರೊಟ್ಟಿ ಅರ್ಧ ಹೊಟ್ಟೆಯನ್ನಾದರೂ ತುಂಬಿಸೀತು. ಅರ್ಧ ಮೀಸೆ ಮಾತ್ರ ಬಾಗೇವಾಡಿಯ ಇಡೀ ಬಸ್ಸನ್ನು ನಗಿಸಿತು.

ಕನ್ಯೆಯ ಮನೆ ಬರುವ ಹೊತ್ತಿಗೆ ಹಲ್ಲುನೋವೆಂದು ಎಡಗೆನ್ನೆಗೆ ಟವೆಲ್ ಸುತ್ತಿದ್ದೆ. ಅವಳ ತಂದೆ ಪಾಪ, ಲವಂಗ ಕೊಟ್ಟರು. ಆಮೇಲೆ ಚಹಾ ಬಂತು. ಟವೆಲ್ಲಿನೊಳಗಿಂದ ಚಹಾ ಕುಡಿಯುವ ವಿದ್ಯೆ ನನಗೆ ಗೊತ್ತಿರಲಿಲ್ಲ, ಬಿಚ್ಚಿದೆ. ಜೊತೆಗೆ ಬಂದಿದ್ದ ಸೋದರಮಾವ ಮಾಳಿಗೆಯ ಜಂತಿ ನೋಡತೊಡಗಿದ. ನಿಂಬೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ತಲೆ ತಗ್ಗಿಸಿ ಕೂತಿದ್ದ ಹುಡುಗಿ, ಶಾಂತಾ, ಮೊದಲ ಸಲ ಬಾಯಿ ಬಿಟ್ಟಳು: "ಇನ್ನರ್ಧಾ ಯಾಕ ಉಳಿಸೀರಿ?"

"ಇದ್ದದ್ದೆಲ್ಲಾ ಒಮ್ಮೆಲೆ ಇಡಬಾರದ್ರಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಏನಂತೀವಾ?" ಎಂದು ತಂದೆ ಕೇಳಿದರು.

"ನನಗ ಒಪ್ಪಿಗಿ ಐತ್ರಿ. ಅದೊಂದೀಟು ಉಳದ ಮೀಸಿ ತಗಸಿ ಬರ್ರಿ ಅಂತ ಹೇಳ್ರಿ."

ಈಗ ಎರಡೂ ಕಡೆ ನೆರೆತ ಮೀಸೆಯಿದೆ. ಪಡಸಾಲೆಗೆ ಬಂದವರಿಗೆಲ್ಲ ನಾನು ಮಾವನ ಪಾಠ ಒಪ್ಪಿಸುತ್ತಲೇ ಇರುತ್ತೇನೆ: ಅರ್ಧಕ್ಕಿಂತ ಹೆಚ್ಚು ಇಡಬೇಡಿ. ಆಗ ಅಡುಗೆಮನೆಯಲ್ಲಿ ಶಾಂತಾ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ.

"ಅವತ್ತ ಒಪ್ಪಿಗಿ ಕೊಡುಮುಂದ ನಾ ಅರ್ಧಾ ಇಟ್ಟಿದ್ನೇನ್ರಿ?"