ಬಾಗಿಲಿಲ್ಲದ ಮನೆಯ ಚಿತ್ರ

ಈ ಸಂಗತಿ ನಾನು ಹೇಳುವ ಹಾಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಅದರೊಳಗಿನ ನಾನು ಸ್ವಲ್ಪ ಹೆಚ್ಚು ಜಾಣನಾಗಿದ್ದೇನೆ. ನನ್ನ ಅನುಮಾನಕ್ಕೆ ಅದೇ ಕಾರಣ. ಜಾಗ ಕುರ್ಲಾ, ಕಾಲ ಎಂಬತ್ತರ ದಶಕದ ಕೊನೆ, ಹುಡುಗಿ ಮೂರನೆಯ ತರಗತಿಯವಳು. ಇಷ್ಟು ಗಟ್ಟಿ. ಉಳಿದದ್ದು ನೆನಪಿದ್ದ ಹಾಗೆ.

ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಒಂದು ಸೇವಾಸಂಸ್ಥೆ ನನ್ನನ್ನು ವಾರಕ್ಕೊಂದು ದಿನ ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಕಳಿಸುತ್ತಿತ್ತು. ಮಕ್ಕಳ ಮನಸ್ಸಿನ ಕಷ್ಟಗಳನ್ನು ಕೇಳುವುದು ನನ್ನ ಕೆಲಸ. ಕೂರಲು ಮಾತ್ರ ಕೋಣೆ ಇರಲಿಲ್ಲ. ಮೆಟ್ಟಿಲ ಕೆಳಗೆ, ಹಳೆಯ ನಕಾಶೆಗಳನ್ನು ಸುತ್ತಿಟ್ಟ ಕಪಾಟಿನ ಪಕ್ಕ ಒಂದು ಮೇಜು, ಎರಡು ಕುರ್ಚಿ. ಬಂದ ಮಕ್ಕಳಿಗೆಲ್ಲ ಕಾಗದ ಕೊಟ್ಟು ಚಿತ್ರ ಬರೆಸುತ್ತಿದ್ದೆನಾದ್ದರಿಂದ ಶಾಲೆಯಲ್ಲಿ ನನ್ನ ಹೆಸರು ‘ಚಿತ್ರದ ಸರ್’.

ಆ ಹುಡುಗಿಯನ್ನು ಕರೆತಂದವರು ಅವಳ ಕ್ಲಾಸ್ ಟೀಚರ್. ಉಡುಪಿ ಕಡೆಯವರು, ಐವತ್ತರ ಹತ್ತಿರ, ಒಂದೇ ಕೋಣೆಯಲ್ಲಿ ಅರುವತ್ತು ಮಕ್ಕಳನ್ನು ಸಂಭಾಳಿಸುತ್ತಿದ್ದವರು.

“ಮೂರು ತಿಂಗಳಾಯ್ತು ಸರ್, ಒಂದು ಅಕ್ಷರ ಬಾಯಿಂದ ಹೊರಡುದಿಲ್ಲ. ಹೆಸರು ಕರೆದ್ರೆ ಕೈ ಎತ್ತುದು, ಅಷ್ಟೆ. ಇನ್ಸ್‌ಪೆಕ್ಟರ್ ಬಂದ್ರೆ ನಾನೆಂತ ಹೇಳುದು? ನೀವೊಂದು ಕಾಗದ ಬರ್ದು ಕೊಡಿ ಮಾರಾಯ್ರೆ, ಧಾರಾವಿಯ ಆ ಕ್ಲಾಸಿಗೆ ಕಳಿಸುವ.”

ಆ ಕ್ಲಾಸು ಎಂದರೆ ಬುದ್ಧಿ ಬೆಳೆಯದ ಮಕ್ಕಳಿಗಾಗಿ ಒಂದು ಶಾಲೆಯಲ್ಲಿ ನಡೆಸುತ್ತಿದ್ದ ತರಗತಿ. ಅಲ್ಲಿ ಕಲಿಸುತ್ತಿದ್ದುದು ಹಿಂದಿಯಲ್ಲಿ. ಕನ್ನಡ ಮಾತ್ರ ಬರುವ ಮಗುವನ್ನು ಅಲ್ಲಿ ಕೂರಿಸಿದರೆ ಏನಾಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿಗೆ ಹೋದವರು ನಮ್ಮ ಶಾಲೆಗೆ ಮರಳಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಬೇಕಾದದ್ದು ಎರಡು: ನನ್ನ ವರದಿ, ತಂದೆ ಅಥವಾ ತಾಯಿಯ ಹೆಬ್ಬೆಟ್ಟು.

ಹುಡುಗಿ ನನ್ನೆದುರು ಕೂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಉಗುರುಗಳಲ್ಲಿ ಸಿಮೆಂಟಿನ ಬೂದು. “ನಿನ್ನ ಮನೆ ಬರಿ” ಎಂದೆ. ಬರೆದಳು. ಗೋಡೆಗಳಿದ್ದವು, ಎರಡು ಚೌಕದ ತೂತುಗಳಿದ್ದವು, ಬಾಗಿಲು ಇರಲಿಲ್ಲ. ಇಡೀ ಮನೆಯ ಮೇಲೆ ಅಡ್ಡ ಉದ್ದ ಗೆರೆ ಎಳೆದಳು, ಪಂಜರದ ಸರಳುಗಳ ಹಾಗೆ. ನಾನು ಓದಿದ ಪುಸ್ತಕದ ಪ್ರಕಾರ ಬಾಗಿಲಿಲ್ಲದ ಮನೆ ಎಂದರೆ ಯಾರನ್ನೂ ಒಳಗೆ ಬಿಡದ ಮನಸ್ಸು. ಸರಳುಗಳಿಗೆ ಪುಸ್ತಕವೂ ಬೇಕಿರಲಿಲ್ಲ. ಬುದ್ಧಿಯ ಪರೀಕ್ಷೆಯ ಪ್ರಶ್ನೆಗಳಿಗೆ ಅವಳು ಬಾಯಿ ತೆರೆಯದ ಕಾರಣ ಅಲ್ಲಿ ಸೊನ್ನೆ. ವರದಿ ಅರ್ಧ ಗಂಟೆಯಲ್ಲಿ ಮುಗಿಯಿತು. ಬರವಣಿಗೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿದ್ದೂ ನೆನಪಿದೆ.

ಹೆಬ್ಬೆಟ್ಟಿಗಾಗಿ ಅವಳ ಮನೆ ಹುಡುಕಿಕೊಂಡು ಹೋದೆ. ಶಾಲೆಯ ರಿಜಿಸ್ಟರಿನಲ್ಲಿ ವಿಳಾಸದ ಜಾಗದಲ್ಲಿ ಒಂದು ರಸ್ತೆಯ ಹೆಸರು, ಮುಂದೆ ‘ಹೊಸ ಬಿಲ್ಡಿಂಗ್’ ಎಂದಷ್ಟೇ ಇತ್ತು. ಹೋಗಿ ನೋಡಿದರೆ ಐದು ಮಹಡಿಯ ಕಟ್ಟಡ, ಇನ್ನೂ ಕಟ್ಟುತ್ತಿದ್ದರು. ಸುತ್ತ ಬಿದಿರಿನ ಸಾರವೆ, ಅಡ್ಡ ಉದ್ದ. ತಾಯಿ ತಲೆಯ ಮೇಲಿನ ಮರಳಿನ ಬುಟ್ಟಿ ಇಳಿಸಿ ಬಂದಳು. ವಿಜಾಪುರದ ಕಡೆಯವರು, ಗಂಡ ಹೆಂಡತಿ ಇಬ್ಬರೂ ಅಲ್ಲಿಯೇ ಕೂಲಿ. ಅವರ ಸಂಸಾರ ಎರಡನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ. ಬಾಗಿಲಿನ ಜಾಗಕ್ಕೆ ಹಳೆಯ ಸೀರೆ ಕಟ್ಟಿದ್ದರು.

“ಬಾಗಿಲು ಯಾವಾಗ ಕೂರಿಸ್ತಾರೆ?” ಎಂದು ಕೇಳಿದೆ. ಇದೇ ಪ್ರಶ್ನೆ ಕೇಳಿದೆನೋ, ಬೇರೇನಾದರೂ ಕೇಳಿದೆನೋ ಗೊತ್ತಿಲ್ಲ. ಉತ್ತರ ಮಾತ್ರ ಕಿವಿಯಲ್ಲಿದೆ.

“ಬಾಗಲಾ ಹಚ್ಚಿದ ಮ್ಯಾಲೆ ನಮಗೇನ್ ಕೆಲಸ ಇಲ್ಲಿ, ಸರ? ಬಾಗಲಾ ಬಂತಂದ್ರ ನಾವು ಗಂಟು ಕಟ್ಟೂದು. ಬಾಗಲಾ ಇರೂ ಮನ್ಯಾಗ ಇರೂ ಮಂದಿನ ಬ್ಯಾರೆ.”

ಮಗಳು ಶಾಲೆಯಲ್ಲಿ ಮಾತನಾಡುವುದಿಲ್ಲ ಎಂದೆ. ಆಕೆ ನಕ್ಕುಬಿಟ್ಟಳು. “ಇಕಿನಾ? ತಲಿ ತಿಂತಾಳ್ರೀ ಮನ್ಯಾಗ. ಬರ್ರಿ, ನೀವ ಕೇಳ್ರಿ.”

ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಸೀರೆಯ ಆಚೆ ಹುಡುಗಿ ಸಾಲಾಗಿ ಇಟ್ಟಿದ್ದ ಇಟ್ಟಿಗೆಗಳಿಗೆ ಪಾಠ ಮಾಡುತ್ತಿದ್ದಳು, ಅಪ್ಪಟ ಉಡುಪಿಯ ಕನ್ನಡದಲ್ಲಿ. “ಎಂತ ಮಾರಾಯ್ತಿ, ನಿನ್ನೆ ಹೇಳಿದ್ದು ಇವತ್ತು ಮರ್ತುಹೋಯ್ತಾ? ಮಂಡೆಯಲ್ಲಿ ಎಂತ ಉಂಟು? ಏಳೆಂಟ್ಲೆ ಎಷ್ಟು?” ಒಂದು ಇಟ್ಟಿಗೆಗೆ ಏನೂ ತಿಳಿಯಲಿಲ್ಲವೆಂದು ಕಾಣುತ್ತದೆ. ಅದನ್ನು ಮೂಲೆಗೆ ನಿಲ್ಲಿಸಿ, ಐವತ್ತಾರು ಎಂದು ತಾನೇ ಹೇಳಿದಳು.

ನನ್ನನ್ನು ಕಂಡು ಮಾತು ನಿಂತಿತು. ತಾಯಿ ಹೇಳಿದ್ದು ಇದು ಅವಳಿಗೆ ಮೂರನೆಯ ಶಾಲೆ ಎಂದು. ಹುಡುಗಿ ನೆಲ ನೋಡುತ್ತ, “ಮಾತಾಡಿದ್ರ ಗೆಳತ್ಯಾರ ಆಗ್ತಾರ್ರೀ. ಆಮ್ಯಾಲೆ ಬಿಲ್ಡಿಂಗ್ ಮುಗೀತೈತಿ” ಎಂದಳು. ಈ ವಾಕ್ಯದ ಬಗ್ಗೆ ನನಗೆ ಹೆಚ್ಚಿನ ಸಂಶಯ. ಎಂಟು ವರ್ಷದ ಮಗುವಿನ ಮಾತಿಗೆ ಇದು ತೀರ ಅಚ್ಚುಕಟ್ಟಾಗಿದೆ. ತಾಯಿ ಹೇಳಿದ್ದಿರಬಹುದು. ಲೋಕಲ್ ರೈಲಿನಲ್ಲಿ ಮನೆಗೆ ಮರಳುತ್ತ ನಾನೇ ಹೊಂದಿಸಿಕೊಂಡದ್ದೂ ಇರಬಹುದು. ಆ ದಾರಿಯಲ್ಲಿ ಪ್ರತಿ ವಾರ ಅಂಥ ಹತ್ತಾರು ಕಟ್ಟಡಗಳನ್ನು ಕಿಟಕಿಯಿಂದ ನೋಡುತ್ತಿದ್ದೆ. ಅವುಗಳೊಳಗೆ ಒಲೆ ಹಚ್ಚಿಕೊಂಡವರಿದ್ದಾರೆಂದು ನನಗೆ ಹೊಳೆದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ ಮಗುವಿಗೆ ನಾನು ರೋಗ ಅಂಟಿಸಿದ್ದೆ.

ಹೆಬ್ಬೆಟ್ಟು ಹಾಕಿಸಲಿಲ್ಲ. ಮರುವಾರ ಟೀಚರಿಗೆ ಇಟ್ಟಿಗೆಗಳ ಕ್ಲಾಸಿನ ಸಂಗತಿ ಹೇಳಿದೆ. ಮೊದಲು ಅವರಿಗೆ ಸಿಟ್ಟು ಬಂತು.

“ನನ್ನ ಅಣಕ ಮಾಡ್ತಾಳಾ ಅದು? ಇಲ್ಲಿ ಬೆಕ್ಕಿನ ಮರಿ ಹಾಗೆ ಕೂರ್ತಾಳಲ್ಲ, ಕಳ್ಳಿ.” ಆಮೇಲೆ, “ಏಳರ ಮಗ್ಗಿ ಸರಿ ಹೇಳಿದ್ಲಾ?” ಎಂದರು.

“ಸರಿ ಹೇಳಿದ್ಲು.”

“ಮತ್ತೆಂತ ಧಾರಾವಿ? ಬೇಡ, ಇಲ್ಲೇ ಇರ್ಲಿ.”

ಅವರು ಮಾಡಿದ ಉಪಾಯ ನನ್ನ ಪುಸ್ತಕದಲ್ಲಿ ಇರಲಿಲ್ಲ. ಕೊನೆಯ ಪಿರಿಯಡ್‌ನಲ್ಲಿ ಅವಳನ್ನು ಒಂದನೆಯ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಕಳಿಸತೊಡಗಿದರು. ಅಲ್ಲಿ ಅವಳು ಮಾತನಾಡಿದಳು. ತನ್ನ ಕ್ಲಾಸಿನಲ್ಲಿ ಕೊನೆಯವರೆಗೂ ಕೈ ಮಾತ್ರ ಎತ್ತುತ್ತಿದ್ದಳು. ದೀಪಾವಳಿ ರಜೆ ಮುಗಿದು ಶಾಲೆ ತೆರೆದಾಗ ಅವಳು ಬರಲಿಲ್ಲ. ತಾಯಿ ಬಂದು ಶಾಲೆ ಬಿಡುವ ಸರ್ಟಿಫಿಕೇಟ್ ತೆಗೆದುಕೊಂಡು ಹೋದಳೆಂದು ಟೀಚರ್ ಹೇಳಿದರು.

ನನ್ನ ಕಥೆಯಲ್ಲಿ ನಾನು ಆ ವರದಿಯನ್ನು ಹರಿದು ಹಾಕುತ್ತೇನೆ. ನಿಜಕ್ಕೂ ಹರಿದೆನೇ? ವರದಿಯ ಒಂದು ಪ್ರತಿ ಆಗಲೇ ಕಛೇರಿಗೆ ಹೋಗಿತ್ತೆಂದು ಕೆಲವೊಮ್ಮೆ ನೆನಪಾಗುತ್ತದೆ. ಹೋಗಿದ್ದರೆ ಅದು ಅವಳನ್ನು ಹಿಂಬಾಲಿಸಿ ಮುಂದಿನ ಶಾಲೆಗೂ ತಲುಪಿರಬಹುದು. ಈ ಯೋಚನೆ ವರ್ಷಗಟ್ಟಲೆ ಬಿಡಲಿಲ್ಲ. ಟೀಚರ್ ನಿವೃತ್ತರಾಗುವ ಮೊದಲು ಒಮ್ಮೆ ಅವರನ್ನು ಕಂಡು ರಿಜಿಸ್ಟರ್ ತೆರೆಸಿದೆ. ‘ಹೋದ ಊರು’ ಎಂಬಲ್ಲಿ ಜೋಗೇಶ್ವರಿ ಎಂದಿತ್ತು. ಅಲ್ಲಿನ ಕನ್ನಡ ಶಾಲೆಗೆ ಎರಡು ಸಲ ಅಲೆದೆ. ಮೊದಲ ಸಲ ಗುಮಾಸ್ತರು ರಜೆಯಲ್ಲಿದ್ದರು. ಎರಡನೆಯ ಸಲ ಅವರು ದಪ್ಪ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಅವಳನ್ನು ಸಾಮಾನ್ಯ ತರಗತಿಗೇ ಸೇರಿಸಿಕೊಂಡಿದ್ದರು, ಮತ್ತು ಅವಳು ಅಲ್ಲಿಯೇ ನಾಲ್ಕನೆಯ ತರಗತಿ ಪಾಸಾಗಿದ್ದಳು.