ಭಾವ ಮತ್ತು ಅವರ ಕೋವಿಗಳು

ಭಾವನ ಬೆರಳುಗಳು ಅಗಸೆ ಎಣ್ಣೆ ನಾರುತ್ತಿದ್ದವು. ಸೋಪು ಹಾಕಿ ತೊಳೆದು ಊಟಕ್ಕೆ ಕೂತರೂ ಅನ್ನ ಕಲಸುವಾಗ ಆ ವಾಸನೆ ಏಳುತ್ತಿತ್ತು. ಕೋವಿಯ ಮರದ ಹಿಡಿಗಳನ್ನು ಆ ಎಣ್ಣೆಯಲ್ಲಿ ಉಜ್ಜುತ್ತಿದ್ದರು. ಹಿತ್ತಾಳೆ, ಕಬ್ಬಿಣ ಮುಟ್ಟುವಾಗ ಮಾತ್ರ ಬಿಳಿ ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದರು.

ಅವರು ನನ್ನ ಗಂಡನ ಅಣ್ಣ. ನಾರ್ತ್ ಸಿಡ್ನಿಯ ಕನ್ಸಲ್ಟೆನ್ಸಿಯೊಂದರಲ್ಲಿ ದೊಡ್ಡ ಕೆಲಸ. ನಾವು ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಬಾಡಿಗೆ ಮನೆಯವರು. ಫೋನ್ ಮಾಡಿದಾಗಲೆಲ್ಲ ಮೊದಲ ಮಾತೇ, "ಇನ್ನೂ ರೆಂಟೇನಾ?" ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಅನ್ನಲಿ, ಈಗಲೂ ಆಗುವುದಿಲ್ಲ.

ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಅಂಟಿಸಿಕೊಂಡು ಬಂದದ್ದು ಈ ಹಳೆಯ ಕೋವಿ ಕೂಡಿಡುವ ಹುಚ್ಚು. ಕಾಡು ಕಡಿದು ಪಶ್ಚಿಮಕ್ಕೆ ಹೊರಟ ಬಿಳಿಯರು ಹಿಡಿದಿದ್ದ ಉದ್ದ ನಳಿಗೆಯ ಕೋವಿಗಳು, ಎತ್ತಿನ ಕೊಂಬಿನಲ್ಲಿ ಮಾಡಿದ ಮದ್ದಿನ ಬುರುಡೆಗಳು, ಸೀಸದ ಗುಂಡು ಎರೆಯುವ ಅಚ್ಚುಗಳು, ಜಿಂಕೆಯ ಚರ್ಮದ ಬೇಟೆ ಚೀಲಗಳು. ಎಲ್ಲದಕ್ಕೂ ಪೊಲೀಸರ ಪರ್ಮಿಟ್ ಮಾಡಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಚರ್ಮದ ಚೀಲವೊಂದರ ಹೊಲಿಗೆ ತೋರಿಸಿ ಒಮ್ಮೆ ಹೇಳಿದ್ದರು, "ಇದನ್ನ ಯಾರೋ ತಾಯಿ ಮಗನಿಗೆ ಅಂತ ಹೊಲ್ದಿರ್ಬೇಕು. ನೋಡು, ಎಷ್ಟು ಒತ್ತಾಗಿ ಹಾಕಿದಾಳೆ." ಆ ದನಿಯಲ್ಲಿ ಅವರು ತಮ್ಮ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಮಾತಾಡಿಸಿದ್ದನ್ನು ನಾನು ಕೇಳಿಲ್ಲ.

ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಒಂದು ಹಿತ್ತಾಳೆಯ ಮದ್ದಿನ ಕುಪ್ಪಿ. ಅಂಗೈಯಗಲ, ಮೈಮೇಲೆ ಓಡುವ ಜಿಂಕೆಯ ಉಬ್ಬು ಚಿತ್ರ, ಪೂರ್ತಿ ಕಂದುಗಪ್ಪು. ಆ ಕಪ್ಪೇ ಅದರ ಜೀವ ಎನ್ನುತ್ತಿದ್ದರು. "ಇದು ಕೊಳೆಯಲ್ಲ, ಒಬ್ಬ ಮನುಷ್ಯನ ಕೈಬೆವರು."

ವರ್ಷಕ್ಕೊಮ್ಮೆ ಆಯುಧಪೂಜೆಗೆ ಬೀರುವಿನ ಬಾಗಿಲು ತೆರೆಯುತ್ತಿತ್ತು. ಸಿಡ್ನಿಯ ಕನ್ನಡದ ಸ್ನೇಹಿತರನ್ನೆಲ್ಲ ಕರೆಯುತ್ತಿದ್ದರು. ಮೇಜಿನ ಮೇಲೆ ಕೋವಿಗಳ ಸಾಲು. ಹೂವು ಪಕ್ಕದಲ್ಲಿ, ಮೇಲೆ ಅಲ್ಲ. ಕುಂಕುಮ ಮೇಜಿಗೆ, ಕೋವಿಗಲ್ಲ.

ಅತ್ತೆ ಮೈಸೂರಿನಿಂದ ಬಂದಿದ್ದ ವರ್ಷ ನಾವೂ ಹಬ್ಬಕ್ಕೆ ಸಿಡ್ನಿಗೆ ಹೋಗಿದ್ದೆವು. ಹಬ್ಬದ ಹಿಂದಿನ ದಿನ ಭಾವ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಆಫೀಸಿಗೆ ಹೋದರು. ನಾನೂ ಓರಗಿತ್ತಿಯೂ ಇಂಡಿಯನ್ ಅಂಗಡಿಗೆ ಹೋದೆವು. ವಾಪಸ್ ಬಂದಾಗ ಅಡಿಗೆಮನೆಯೆಲ್ಲ ಹುಣಸೆಹಣ್ಣಿನ ವಾಸನೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಮುಂದೆ ನಿಂತಿದ್ದರು. ದೇವರ ದೀಪ, ಪಂಚಪಾತ್ರೆ, ಉದ್ಧರಣೆ ತಿಕ್ಕಿಟ್ಟಿದ್ದರು. ಅವುಗಳ ಪಕ್ಕದಲ್ಲಿ ಬಿಳಿಯ ಟವೆಲ್ಲಿನ ಮೇಲೆ ಕುಪ್ಪಿಯೂ ಒಣಗುತ್ತಿತ್ತು, ಚಿನ್ನದ ಹಾಗೆ. ನಾಳೆ ಪೂಜೆಗೆ ಕೂರುವ ವಸ್ತುವನ್ನು ತಿಕ್ಕದೆ ಬಿಡುವುದು ಅವರಿಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಓರಗಿತ್ತಿ ಕೈಯಲ್ಲಿದ್ದ ಚೀಲ ಹಿಡಿದೇ ಸೋಫಾದ ಮೇಲೆ ಕುಸಿದು ಕೂತರು.

ಭಾವ ಬಂದಾಗ ಅತ್ತೆಯೇ ಕುಪ್ಪಿಯನ್ನು ಕೊಂಡುಹೋಗಿ ತೋರಿಸಿದರು. "ಎಷ್ಟು ಕಿಲುಬು ಹಿಡಿದಿತ್ತು ನೋಡೋ. ಈಗ ಮುಖ ಕಾಣತ್ತೆ."

ಭಾವ ಕೈಗವಸಿಲ್ಲದೆ ಅದನ್ನು ಇಸಿದುಕೊಂಡರು. ತಿರುಗಿಸಿ ನೋಡಿದರು. ಕೂಗಾಡಲಿಲ್ಲ. "ನಿನ್ನ ಕೈಗೆ ಏನು ಸಿಕ್ಕಿದ್ರೂ ಪಾತ್ರೆನೇ ಅಲ್ವೇನಮ್ಮ?" ಎಂದರು. ಅವರು ತಾಯಿಯ ಜೊತೆ ಆಡಿದ ಕೊನೆಯ ಮಾತು ಅದು.

ಮರುದಿನ ಬಂದವರಿಗೆಲ್ಲ ಕುಪ್ಪಿಯನ್ನು ಎತ್ತಿ ತೋರಿಸಿ, ಇದು ನಮ್ಮ ತಾಯಿಯವರ ಕೈಚಳಕ ಎಂದು ಪರಿಚಯ ಮಾಡಿಸಿದರು. ಒಬ್ಬ ಸ್ನೇಹಿತ, "ಇದ್ರಲ್ಲಿ ಇನ್ನು ಪನ್ನೀರು ತುಂಬ್ಸಿ ಸಾರ್, ಮದುವೆಮನೆ ಬಾಗಿಲಲ್ಲಿ ಚಿಮುಕಿಸ್ಬಹುದು," ಎಂದ. ಎಲ್ಲರೂ ನಕ್ಕರು. ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ಅತ್ತೆಗೆ ಅಷ್ಟೂ ಕೇಳಿಸಿತು. ನಾನು ಪಕ್ಕದಲ್ಲೇ ಇದ್ದೆ. ಅವರು ತಲೆ ಎತ್ತಲಿಲ್ಲ.

ನಾವು ಹೊರಡುವ ದಿನ ಅತ್ತೆಯ ಸೂಟ್‌ಕೇಸೂ ಬಾಗಿಲ ಬಳಿ ಬಂದಿತ್ತು. ಆರು ತಿಂಗಳ ವೀಸಾದಲ್ಲಿ ಉಳಿದಷ್ಟೂ ದಿನ ಅವರು ಬಾಕ್ಸ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದರು. ಭಾನುವಾರ ಮಾತ್ರ ಬೇಗ ಸ್ನಾನ ಮಾಡಿ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಫೋನ್ ಬಂದರೆ ನನ್ನ ಗಂಡನಿಗೆ ಬರುತ್ತಿತ್ತು. ಅಮ್ಮನಿಗೆ ಕೊಡಲಾ ಎಂದು ಇವರು ಕೇಳುವಷ್ಟರಲ್ಲಿ ಆ ಕಡೆ ಮೀಟಿಂಗ್ ಶುರುವಾಗುತ್ತಿತ್ತು. ಭಾನುವಾರ ಎಂಥ ಮೀಟಿಂಗೋ. ಊರಿಗೆ ಹೊರಡುವ ಮೊದಲು ಒಂದೇ ಒಂದು ಸಲ ಮಗ ಮಾತಾಡಿಸಿದರೆ ಸಾಕು ಎಂದು ಅತ್ತೆ ನನ್ನೆದುರು ಹೇಳಿದ್ದರು.

ಹಳೆಯ ಕೋವಿಗಳ ಮಾರಾಟ ಮೇಳಕ್ಕೆಂದು ಭಾವ ಮೆಲ್ಬರ್ನಿಗೆ ಬಂದರು. ಹೋಟೆಲಿನಲ್ಲಿ ಉಳಿದುಕೊಂಡು ಊಟಕ್ಕೆ ಮಾತ್ರ ನಮ್ಮ ಮನೆಗೆ ಬಂದರು. ಅತ್ತೆ ಬೆಳಿಗ್ಗೆಯಿಂದ ನಿಂತು ಒಬ್ಬಟ್ಟು ಮಾಡಿದ್ದರು. ಊಟದುದ್ದಕ್ಕೂ ಭಾವ ಅಂದು ಕೊಂಡ ಗುಂಡಿನ ಅಚ್ಚಿನ ವಿಷಯವನ್ನೇ ಮಾತಾಡಿದರು. ಕೊನೆಗೆ ಅತ್ತೆಯೇ ಕೇಳಿದರು, "ಆ ಕುಪ್ಪಿ ಮತ್ತೆ ಕಪ್ಪಾಗ್ತಾ ಬಂತೇನೋ?"

ಭಾವ ತಮ್ಮನ ಕಡೆ ತಿರುಗಿದರು. "ಅದಕ್ಕೆ ನೂರೈವತ್ತು ವರ್ಷ ಬೇಕು ಅಂತ ಹೇಳೋ ಅವರಿಗೆ."

ಅವರಿಗೆ. ಒಂದು ಮೊಳ ದೂರದಲ್ಲಿ ಕೂತಿದ್ದ ತಾಯಿಗೆ. ನನ್ನ ಗಂಡ ತಟ್ಟೆ ನೋಡುತ್ತಾ ಕೂತರು. ಅತ್ತೆ ಎದ್ದು ಹಿರಿಯ ಮಗನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಬಡಿಸಿದರು. ಭಾವ ಅದನ್ನೂ ತಿಂದರು.

ವೀಸಾ ಮುಗಿದು ಅತ್ತೆ ಮೈಸೂರಿಗೆ, ಮಗಳ ಮನೆಗೆ ಮರಳಿದರು. ಆಮೇಲೆ ಹೆಚ್ಚು ಕಾಲವಾಗಿರಲಿಲ್ಲ, ಭಾವ ಆಫೀಸಿನ ಲಿಫ್ಟಿನಲ್ಲೇ ಹೃದಯಾಘಾತವಾಗಿ ಹೋಗಿಬಿಟ್ಟರು. ಇವರು ಸಿಡ್ನಿಗೆ ಓಡಿದರು. ನಾನು ಕಾಲಿಂಗ್ ಕಾರ್ಡಿನ ನಂಬರು ಕೆರೆದು ಮೈಸೂರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ನಾದಿನಿ ಸುದ್ದಿ ಹೇಳಿಯಾಗಿತ್ತು. ಅತ್ತೆ ತಾವೇ ಫೋನ್ ತೆಗೆದುಕೊಂಡರು. ಅಳುತ್ತಿರಲಿಲ್ಲ.

"ಕೋಪ ಇಟ್ಕೊಂಡೇ ಹೋದ್ನೇನೇ?"



"ಇಲ್ಲ ಅತ್ತೆ. ಹೋದ ವಾರ ಫೋನ್ ಮಾಡಿದ್ರು. ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದ್ರು."

ಭಾವ ಫೋನೂ ಮಾಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅವರ ಪರವಾಗಿ ನಾನು ಆಡಿದ ಒಂದೇ ಒಳ್ಳೆಯ ಮಾತು ಅದು, ಅದನ್ನೂ ನಾನೇ ಹುಟ್ಟಿಸಬೇಕಾಯಿತು. ಆ ಕಡೆ ಅತ್ತೆ ಫೋನನ್ನು ಪಕ್ಕಕ್ಕೆ ಹಿಡಿದು ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು.

"ಕೇಳಿದ್ನಂತೆ ಕಣೇ. ನನ್ನ ಮಂಡಿನೋವು ಕೇಳಿದ್ನಂತೆ."