ಹುಲುಗಪ್ಪ ಮುಟ್ಟದ ಹೆಬ್ಬೆರಳು

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಬಸ್ಸು ಇನ್ನೂ ಕೆಮ್ಮುತ್ತಿದೆ. ನೋಂದಣಿ ಕಚೇರಿಯ ಜವಾನ ಹುಲುಗಪ್ಪ ಆಗಲೇ ಬೀಗ ತೆಗೆದು, ಕಸ ಹೊಡೆದು, ಕೊಡ ತುಂಬಿ, ಕಿಟಕಿಯ ಬೆಳಕಿಗೆ ಮಸಿ ಡಬ್ಬಿ ತೆರೆದು ಕೂತಿದ್ದಾರೆ. ಮಸಿ ಒಣಗಿದ್ದರೆ ಎರಡು ಹನಿ ಎಣ್ಣೆ, ಹಸಿ ಹೆಚ್ಚಾಗಿದ್ದರೆ ಹಳೇ ಪಂಚೆಯ ತುಂಡಿನಿಂದ ಒಂದು ಒತ್ತು. ತಮ್ಮ ಬೆರಳನ್ನೇ ಒತ್ತಿ ನೋಡುತ್ತಾರೆ, ತಲೆ ಕೊಡವುತ್ತಾರೆ, ಒರೆಸಿ ಮತ್ತೆ ಒತ್ತುತ್ತಾರೆ. ಇದು ನಾಲ್ಕನೇ ಸಲ. ಇವತ್ತು ನೋಂದಣಿಯಾಗಬೇಕಾದ ಕ್ರಯಪತ್ರಗಳಲ್ಲಿ ಒಂದು ಅವರದೇ ಮನೆಯದು, ಅದಕ್ಕೇ ಈ ಪರದಾಟ.

ಸಾವಿರದ ಒಂಬೈನೂರ ಅರವತ್ತೈದರಲ್ಲಿ ಕೆಲಸಕ್ಕೆ ಸೇರಿದವರಿಗೆ ಇದು ಹತ್ತೊಂಬತ್ತನೇ ವರ್ಷ. ಹೆಸರಿಗೆ ಜವಾನ, ನಿಜವಾದ ಕಸುಬು ಹೆಬ್ಬೆಟ್ಟು ಒತ್ತಿಸುವುದು. ಸಾಧಾರಣ ದಿನ ಮೂವತ್ತು, ಒಳ್ಳೆಯ ತಿಥಿಯಿದ್ದರೆ ಅರವತ್ತು, ಅಮಾಸೆ ಹಿಂದುಮುಂದು ಐದಾರು. ಪತ್ರ ಬರೆದವರು ಯಾರು, ಸಹಿ ಹಾಕಿದ ಸಾಹೇಬರು ಯಾರು ಎಂದು ಊರಿಗೆಲ್ಲ ಗೊತ್ತು. ಬೆರಳು ಹಿಡಿದವನ ಹೆಸರು ಯಾರಿಗೆ ಬೇಕು? "ಏ ಮಸೀ!" ಎಂದರೆ ಸಾಕು, ಎದ್ದು ಬರುತ್ತಾರೆ.

"ಬೆರಳು ನೋಡಿದ್ರ ಕಸುಬು ಗೊತ್ತಾಗ್ತೈತ್ರಿ," ಎನ್ನುತ್ತಾರೆ. "ಕಳೆ ತೆಗಿಯೋರ್ದು ಸೀಳಿರ್ತೈತಿ, ಸುಣ್ಣ ಬಳಿಯೋರ್ದು ಬೆಂದಿರ್ತೈತಿ. ಆದ್ರ ಎಲ್ಲೋ ಒಂದ್ಕಡಿ ಗೆರಿ ಉಳಕೊಂಡಿರ್ತಾವು. ಹುಡುಕಬೇಕು, ಗುದ್ದಾಡಬಾರ್ದು."

ಊರಿನವರ ಮನೆ ಪತ್ರಗಳಿಗೆಲ್ಲ ಹೆಬ್ಬೆಟ್ಟು ಒತ್ತಿಸಿದ ಇವರು ತಾವು ಮಾತ್ರ ಏಳು ಬಾಡಿಗೆ ಮನೆ ತಿರುಗಿದ್ದಾರೆ. "ಒಲಿ ಹೂಡಾಕ ಮೂರು ಕಲ್ಲು ಸ್ವಂತದ್ದಿಲ್ಲ ನನಗ," ಎಂದು ಹೆಂಡತಿ ಭರಮಮ್ಮ ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಸಿಕ್ಕಿದ್ದು ನೀಲಗಂಗಮ್ಮನ ಎರಡಂಕಣದ ಮಾಳಿಗೆ ಮನೆ. ಸಿಕ್ಕಿದ ಮೇಲೆ ನಿದ್ದೆ ಹೋಯಿತು ನೋಡಿ! ಮನೆ ಮೇಲೆ ಸಾಲವಿಲ್ಲವೆಂಬ ಋಣಭಾರ ಪತ್ರವನ್ನು ಎರಡು ಸಲ ತೆಗೆಸಿದರು. ಚೆಕ್ಕುಬಂದಿಯಲ್ಲಿ ಬರೆದ ನಾಲ್ಕು ದಿಕ್ಕು ಸರಿಯೋ ಇಲ್ಲವೋ ಎಂದು ಗೋಡೆ ಸುತ್ತಿದ್ದೇ ಸುತ್ತಿದ್ದು. "ಮಂದಿಗೆ ಧೈರ್ಯ ಹೇಳೋದು ಸಸಾರ ಐತ್ರಿ. ನಂದಂದ ಕೂಡ್ಲೆ ಬರದಿದ್ದನ್ನೂ ನಂಬಾಕ ಆಗವಲ್ದು."

ಭಯಕ್ಕೆ ಕಾರಣವೂ ಉಂಟು. ನೀಲಗಂಗಮ್ಮ ಎಪ್ಪತ್ತು ದಾಟಿದ ವಿಧವೆ, ದೇವರ ಬತ್ತಿ ಹೊಸೆದು ಮಾರಿ ಬದುಕಿದವರು. ನಾಳೆ ಬೆಳಗಿನ ಬಸ್ಸಿಗೆ ಹಡಗಲಿಯ ಮಗಳ ಮನೆಗೆ ಹೊರಟಿದ್ದಾರೆ, ಇನ್ನು ಅಲ್ಲೇ. ಮೈದುನನ ಮಗ ಶಿವಯೋಗಪ್ಪ ಮೆಕ್ಕೆಜೋಳದ ವ್ಯಾಪಾರಿ. ಆ ಮನೆ ಗೋದಾಮಿಗೆ ಬೇಕೆಂದು ಕೂತಿದ್ದಾನೆ. ಗೋದಾಮಿಗಿಂತ ಹೆಚ್ಚಿನ ಸಂಕಟ ಇನ್ನೊಂದು: "ನಮ್ಮ ಓಣ್ಯಾಗ ಅವನ್ಯಾಕ, ದೊಡ್ಡವ್ವ?"

"ನಾ ಮಾರಾಕತ್ತಿದ್ದು ನನ್ನ ಮನಿ," ಎಂದಿದ್ದರಂತೆ ಮುದುಕಿ. "ನಿಮ್ಮ ಓಣಿ ನೀವ ಇಟ್ಕೋರಿ."

ಹನ್ನೊಂದಕ್ಕೆ ಅವರ ಪತ್ರಕ್ಕೆ ಕೂಗು ಬರುತ್ತದೆ. ಹುಲುಗಪ್ಪ ಅಭ್ಯಾಸಬಲದಿಂದ ಮಸಿ ಡಬ್ಬಿ ಎತ್ತಿಕೊಂಡು ಮುದುಕಿಯ ಪಕ್ಕಕ್ಕೆ ಬಂದೇಬಿಡುತ್ತಾರೆ. ನೋಂದಣಿ ಸಾಹೇಬರು ತಡೆಯುತ್ತಾರೆ. "ಇವತ್ತು ನೀನು ಕೊಳ್ಳುವವನಪ್ಪಾ. ಆಯಮ್ಮನ ಕೈ ಮುಟ್ಟಬೇಡ. ಒತ್ತಾಯದಿಂದ ಒತ್ತಿಸಿಕೊಂಡ ಅಂತ ನಾಳೆ ಯಾರಾದರೂ ಕೇಸು ಹಾಕಿಯಾರು." ಮಾತು ಸರಿಯಾದದ್ದೇ. ಶಿವಯೋಗಪ್ಪ ಬಾಗಿಲ ಬಳಿಯ ಬೆಂಚಿನ ಮೇಲೆಯೇ ಇದ್ದಾನೆ. ಡಬ್ಬಿ ಗುಮಾಸ್ತ ಕರಿಸಿದ್ದಪ್ಪನ ಕೈಗೆ ಹೋಗುತ್ತದೆ. ಕರಿಸಿದ್ದಪ್ಪ ಪೆನ್ನು ಹಿಡಿದರೆ ಮುತ್ತು ಪೋಣಿಸುವಂಥವನು, ಬೆರಳು ಹಿಡಿದವನಲ್ಲ.

ಮೊದಲನೆಯದು ಬರೀ ಕಪ್ಪು ಬೊಟ್ಟು. ಎರಡನೆಯದು ಜಾರಿ ಬಾಲ ಎಳೆದುಕೊಳ್ಳುತ್ತದೆ. ಬತ್ತಿ ಹೊಸೆದೂ ಹೊಸೆದೂ ಸವೆದ ಬೆರಳು, ಗೆರೆಯೇ ಮೂಡುತ್ತಿಲ್ಲ. "ನೋಡಿದ್ಯಾ ದೊಡ್ಡವ್ವ, ಬೆರಳಿಗೇ ಮನಸಿಲ್ಲ," ಎಂದು ಶಿವಯೋಗಪ್ಪ ಚುಚ್ಚುತ್ತಾನೆ. ಸಾಹೇಬರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಇನ್ನೊಂದು ಸಲ ನೋಡೋಣ. ಆಗದಿದ್ದರೆ ಇನ್ನೊಂದು ದಿನ ಬನ್ನಿ."

ಇನ್ನೊಂದು ದಿನ! ಮುದುಕಿ ಹಡಗಲಿ ಸೇರಿದ ಮೇಲೆ ಆ ದಿನ ಬಂದಂತೆಯೇ. ಕೈಗೆ ಬಂದ ತುತ್ತು ಬಾಯಿಗಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ ಹುಲುಗಪ್ಪನ ಕೈಗಳು ತಾವಾಗಿಯೇ ಮಿಸುಕುತ್ತವೆ. ಮಸಿ ಜಾಸ್ತಿಯಾಯಿತು, ಬೆರಳು ಒರೆಸಿಲ್ಲ: ಎರಡೇ ಮಾತು, ನಾಲಿಗೆಯ ತುದಿಯಲ್ಲಿವೆ. ಆಡಿದರೆ ಅದೂ ಒತ್ತಾಯವಾದೀತೆಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೊರಗೆ ಭರಮಮ್ಮ ಸೆರಗೊಡ್ಡಿ, "ಉಚ್ಚಂಗೆಮ್ಮ ತಾಯಿ, ಕಣ್ಣು ಬಿಡು," ಎನ್ನುತ್ತಿದ್ದಾರೆ.

ಕರಿಸಿದ್ದಪ್ಪ ಮೂರನೇ ಸಲ ಬೆರಳು ಹಿಡಿಯುವಷ್ಟರಲ್ಲಿ ನೀಲಗಂಗಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಬಿಡಪ್ಪಾ ನೀನು. ಹನ್ನೆರಡು ವರ್ಷದ ಹಿಂದ ಮನಿ ಪಾಲಾದಾಗ ಈ ಹುಲುಗಪ್ಪನೇ ಒತ್ತಿಸಿದ್ದ. ಹೆಂಗಂತ ನೆಪ್ಪೈತಿ ನನಗ."

ಬೆರಳನ್ನು ಸೆರಗಿನಿಂದ ಒರೆಸಿಕೊಂಡರು. ಬತ್ತಿ ಹೊಸೆಯುವಾಗ ಜಾರದಿರಲೆಂದು ಸೊಂಟದ ಚೀಲದಲ್ಲಿ ಇಟ್ಟಿದ್ದ ಬೂದಿಯನ್ನು ಚಿಟಿಕೆ ತೆಗೆದು ತಿಕ್ಕಿ, ಊದಿದರು. ಮಸಿಯನ್ನು ಮುಟ್ಟಿದಂತೆ ಮಾಡಿ ತೆಗೆದರು. "ಬತ್ತಿ ಹೊಸಿದಂಗ ಹೊರಳಸು ಅಂದಿದ್ದ. ಆದ್ರ ಒಂದ ಸಲ, ಹಿಂದಕ್ಕ ತರಬಾರ್ದು." ಹೆಬ್ಬೆರಳು ಕಾಗದದ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿತು.

ಸಾಹೇಬರು ಭೂತಕನ್ನಡಿ ಹಿಡಿದು ನೋಡುತ್ತಾರೆ. ನೋಡುತ್ತಲೇ ಇದ್ದಾರೆ.

"ಗೆರೆ ಬಂದಿದೆ."

ಶಿವಯೋಗಪ್ಪ ಚಪ್ಪಲಿ ಮೆಟ್ಟಿ ಎದ್ದು ಹೋದ. ಹುಲುಗಪ್ಪ ಮಾತ್ರ ನಿಂತಲ್ಲೇ ಇದ್ದಾರೆ. "ಈಗ ಮುಟ್ಟಬೌದೇನ್ರಿ, ಸಾಹೇಬ್ರ?" ಎಂದು ಕೇಳಿ, ಸಾಹೇಬರು ತಲೆಯಾಡಿಸಿದ ಮೇಲೆ, ಸೀಮೆಎಣ್ಣೆ ಬಟ್ಟೆಯಿಂದ ಮುದುಕಿಯ ಬೆರಳಿನ ಮಸಿಯನ್ನು ಒರೆಸಿದರು. ಒರೆಸುವಾಗ ಕಣ್ಣು ತುಂಬಿದ್ದನ್ನು ಅವರು ಮುಚ್ಚಿಡಲಿಲ್ಲ. ಅಷ್ಟರಲ್ಲಿ ಚಿಗಟೇರಿಯವರ ಪತ್ರಕ್ಕೆ ಕೂಗು ಬಿತ್ತು, "ಏ ಮಸೀ!"

ಸಂಜೆ ಬೀಗ ಹಾಕುವಾಗ ಅವರ ಕೈಯಲ್ಲಿ ಎರಡು ಬೀಗದಕೈ ಇವೆ, ಒಂದು ಕಚೇರಿಯದು, ಒಂದು ಮನೆಯದು. ಮನೆಯದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಹೇಳುತ್ತಾರೆ:

"ಈ ಊರಾಗ ಎಷ್ಟೋ ಮನಿ ಪತ್ರದಾಗ ನಾ ಹಿಡಿದು ಒತ್ತಿಸಿದ ಬೆರಳು ಅದಾವ್ರಿ. ನನ್ನ ಮನಿ ಪತ್ರದಾಗಿನ ಬೆರಳು ಮಾತ್ರ ನಾ ಮುಟ್ಟಿಲ್ಲ. ಆಕಿ ತಾನಾಗೇ ಒತ್ಯಾಳ."